ಮೂರನೇ ರೌಂಡ್‌ಗೆ ಕೈ ಇಳಿಯುತ್ತಿದೆ, ಅಭ್ಯಾಸದಲ್ಲಿ ಏನು ಬದಲಾಯಿಸಲಿ?

ಮೂರನೇ_ರೌಂಡ್: ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ, ತೂಕ 60 ಕೆ.ಜಿ. ಎರಡೂವರೆ ವರ್ಷದಿಂದ ಬಾಕ್ಸಿಂಗ್ ಮಾಡುತ್ತಿದ್ದೇನೆ, 5 ಬೌಟ್ ಆಡಿದ್ದೇನೆ, 2 ಗೆದ್ದಿದ್ದೇನೆ. ಕಳೆದ ಬೌಟ್‌ನಲ್ಲಿ ಮೊದಲ ಎರಡು ರೌಂಡ್ ನನ್ನದೇ. ಮೂರನೆಯದರಲ್ಲಿ ಕೈ ಎತ್ತೋಕೇ ಆಗಲಿಲ್ಲ, ಮುಖ ಕಾಯಬೇಕಾದ ಗಾರ್ಡ್ ಎದೆಮಟ್ಟಕ್ಕೆ ಬಂದಿತ್ತು, ಎರಡು ಸಲ ಕೌಂಟ್ ತಿಂದೆ (ಏಟಿಗೆ ತತ್ತರಿಸಿದಾಗ ರೆಫರಿ ಎಂಟರವರೆಗೆ ಎಣಿಸುವುದು), ರೆಫರಿ ಬೌಟ್ ನಿಲ್ಲಿಸಿದರು. ಈಗ ವಾರಕ್ಕೆ 6 ದಿನ ಬೆಳಿಗ್ಗೆ 10 ಕಿ.ಮೀ. ಓಟ, ಸಂಜೆ ಸ್ಕಿಪ್ಪಿಂಗ್, ಶ್ಯಾಡೋ (ಎದುರಾಳಿ ಇಲ್ಲದೆ ಗಾಳಿಗೆ ಪಂಚ್), 6 ರೌಂಡ್ ಬ್ಯಾಗ್, ಶನಿವಾರ ಸ್ಪಾರಿಂಗ್ (ಜೊತೆಗಾರನ ಜೊತೆ ಅಭ್ಯಾಸದ ಬೌಟ್). ಎಲ್ಲಿ ತಪ್ಪುತ್ತಿದೆ?

ಹಳೇ_ಸೌತ್‌ಪಾ: ಓಟ ಮಾತ್ರ ಬಿಡಬೇಡ ತಮ್ಮಾ. ಈಗಿನ ಹುಡುಗರು ನಾಲ್ಕು ನಿಮಿಷ ಹಾರಾಡಿ ಫಿಟ್ ಆದೆ ಅಂದುಕೊಳ್ಳುತ್ತಾರೆ. 2014ರಲ್ಲಿ ಅಮೆಚೂರ್ ಬಾಕ್ಸರ್‌ಗಳನ್ನೇ ಇಟ್ಟುಕೊಂಡು ಒಂದು ಅಧ್ಯಯನ ಬಂತು. ಖರ್ಚಾಗುವ ಶಕ್ತಿಯಲ್ಲಿ ಶೇ. 77ರಷ್ಟು ಏರೋಬಿಕ್ ಅಂತ ಸಿಕ್ಕಿತು. ಅಂದರೆ ಉಸಿರಿನ ದಮ್ಮು. ಅದು ಓಟದಿಂದಲೇ ಬರಬೇಕು.

ಟೈಮರ್_ಹಾಕಿ: ಸರ್, ಆ ಅಧ್ಯಯನ 2 ನಿಮಿಷದ ರೌಂಡ್‌ಗಳದ್ದು, ಅದೂ ಸೆಮಿ ಕಾಂಟ್ಯಾಕ್ಟ್, ಅಂದರೆ ಪೂರ್ತಿ ಹೊಡೆದಾಟ ಅಲ್ಲ. ಅದನ್ನು ಯಾಕೆ ಹೇಳಲಿಲ್ಲ? ನಮ್ಮದು 3 ನಿಮಿಷದ 3 ರೌಂಡ್, ನಡುವೆ 1 ನಿಮಿಷ ಬಿಡುವು. ಒಂದೇ ವೇಗದಲ್ಲಿ 10 ಕಿ.ಮೀ. ಓಡಿದರೆ ದೇಹ ಒಂದೇ ವೇಗ ಕಲಿಯುತ್ತದೆ, ಅಷ್ಟೇ. ಮಂಗಳವಾರ, ಶುಕ್ರವಾರ 800 ಮೀಟರ್ ಐದು ಸಲ ಓಡಲಿ. ಒಂದೊಂದೂ ಹೆಚ್ಚುಕಡಿಮೆ 3 ನಿಮಿಷ ಆಗುತ್ತದೆ, ನಡುವೆ 1 ನಿಮಿಷ ನಿಲ್ಲಲಿ. ಇನ್ನೆರಡು ದಿನ ನಿಧಾನಕ್ಕೆ 5 ಕಿ.ಮೀ. ಸಾಕು. ಬ್ಯಾಗ್ ಮೇಲೆ ಪ್ರತಿ ರೌಂಡ್‌ನ ಕೊನೇ 30 ಸೆಕೆಂಡ್ ನಿಲ್ಲಿಸದೆ ಜ್ಯಾಬ್, ಕ್ರಾಸ್, ಅಂದರೆ ಮುಂದಿನ ಕೈ, ಹಿಂದಿನ ಕೈ ನೇರ ಪಂಚ್.

ಗರಡಿ_ದಾವಣಗೆರೆ: ಇಬ್ಬರೂ ಕಾಲಿನ ಮಾತೇ ಆಡುತ್ತಿದ್ದೀರಿ. ಹುಡುಗ ಹೇಳಿದ್ದು ಕೈ ಇಳಿಯಿತು ಅಂತ. ಭುಜದಲ್ಲಿ ಕಸುವಿಲ್ಲ. ಬೆಳಿಗ್ಗೆ ಎದ್ದು ದಂಡ, ಬಸ್ಕಿ ಹೊಡಿ, ಗದೆ ತಿರುಗಿಸು. ಎರಡು ತಿಂಗಳಲ್ಲಿ ಗಾರ್ಡ್ ತಾನಾಗೇ ನಿಲ್ಲುತ್ತದೆ.

ಬ್ಲೂ_ಕಾರ್ನರ್_ಅಕ್ಕ: ಒಂದು ನಿಮಿಷ. ಆ ಬೌಟ್ ಆಗಿ ಎಷ್ಟು ದಿನ ಆಯಿತು? ತಲೆಗೆ ಹೊಡೆತ ಬಿದ್ದು ಬೌಟ್ ನಿಂತರೆ ಕನಿಷ್ಠ 30 ದಿನ ಬೌಟೂ ಇಲ್ಲ, ಸ್ಪಾರಿಂಗೂ ಇಲ್ಲ ಅಂತ ನಿಯಮ ಇದೆ.

ಟೈಮರ್_ಹಾಕಿ: ಗದೆ? ಅಣ್ಣ, ಅದು ಕುಸ್ತಿಗೆ. 500 ಬಸ್ಕಿ ಹೊಡೆದು ಸಂಜೆ ರಿಂಗ್‌ಗೆ ಬಂದರೆ ಕಾಲು ಕಲ್ಲಾಗಿರುತ್ತದೆ. ಫುಟ್‌ವರ್ಕ್ ಎಲ್ಲಿಂದ ಬರಬೇಕು?

ಗರಡಿ_ದಾವಣಗೆರೆ: 500 ಅಂತ ನಾನು ಎಲ್ಲಿ ಹೇಳಿದೆ, ತೋರಿಸಿ. ಗರಡಿ ಮನೆಯ ಮಣ್ಣು ಒಂದು ದಿನನಾದರೂ ಮುಟ್ಟಿದ್ದೀರಾ? ಗಾಮಾ ಪೈಲ್ವಾನರು ಬಸ್ಕಿಯಿಂದಲೇ ದೇಹ ಕಟ್ಟಿದವರು. ಅವರ ಕಾಲು ಕಲ್ಲಾಗಿತ್ತಾ?

ಟೈಮರ್_ಹಾಕಿ: ಗಾಮಾ ಬಾಕ್ಸರ್ ಅಲ್ಲ.

ಗರಡಿ_ದಾವಣಗೆರೆ: ದೇಹ ದೇಹಾನೇ. ಬಾಕ್ಸರ್‌ಗೆ ಬೇರೆ ಭುಜ ಇರುತ್ತದಾ?

ಟೈಮರ್_ಹಾಕಿ: ಭುಜ ಒಂದೇ, ಕೆಲಸ ಬೇರೆ. ಕುಸ್ತಿಯಲ್ಲಿ ಹಿಡಿದು ಎಳೆಯಬೇಕು. ಇಲ್ಲಿ ಕೈ ಹೋದಷ್ಟೇ ಬೇಗ ಗಲ್ಲದ ಹತ್ತಿರ ವಾಪಸ್ ಬರಬೇಕು. ಭಾರ ಎತ್ತಿದರೆ ಅದು ಬರುವುದಿಲ್ಲ. 16 ಔನ್ಸ್ ಗ್ಲೌಸ್ ಹಾಕಿ 3 ರೌಂಡ್ ಶ್ಯಾಡೋ ಮಾಡಿದರೆ ಬರುತ್ತದೆ. ಬೌಟ್ ದಿನ 10 ಔನ್ಸ್ ಹಗುರ ಅನಿಸುತ್ತದೆ.

ಗರಡಿ_ದಾವಣಗೆರೆ: ನೋಡಿ, ಭಾರ ಬೇಡ ಅಂದವರೇ ಭಾರದ ಗ್ಲೌಸ್ ಹಾಕಿಸುತ್ತಿದ್ದಾರೆ! ನಾನು ಹೇಳಿದ್ದೂ ಇದನ್ನೇ, ಗದೆ ಅಂದ ಕೂಡಲೇ ಹಳ್ಳಿಯವನು ಅಂದುಕೊಂಡಿರಿ. ನಮ್ಮ ತಾತ, ಅಪ್ಪ ಇಬ್ಬರೂ ಆ ಮಣ್ಣಿನಲ್ಲೇ ಬೆಳೆದವರು, ಅದರ ಬಗ್ಗೆ ಸುಮ್ನೆ ಹಗುರವಾಗಿ ಮಾತಾಡಬೇಡಿ.

ಟೈಮರ್_ಹಾಕಿ: ಹಳ್ಳಿ ಅಂತ ನಾನು ಒಂದಕ್ಷರ ಬರೆದಿಲ್ಲ. ನಿಮಗೆ ನೀವೇ ಕಲ್ಪಿಸಿಕೊಂಡು ಸಿಟ್ಟಾಗುತ್ತಿದ್ದೀರಿ.

ಹಳೇ_ಸೌತ್‌ಪಾ: ಅದೇನೇ ಇರಲಿ, 77 ಅಂತ ನಾನು ಹೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಸ್ಪಾರಿಂಗ್ ಬಗ್ಗೆ ಅಕ್ಕ ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದಾರೆ. ಹೆಡ್‌ಗಾರ್ಡ್ ಹಾಕಿಕೊಂಡರೆ ಆಯಿತಲ್ವಾ? ನಾವೆಲ್ಲ ವಾರಕ್ಕೆ ಮೂರು ದಿನ ಸ್ಪಾರ್ ಮಾಡಿದವರು.

ಬ್ಲೂ_ಕಾರ್ನರ್_ಅಕ್ಕ: ಹೆಡ್‌ಗಾರ್ಡ್ ಹುಬ್ಬು ಒಡೆಯದಂತೆ ಕಾಯುತ್ತದೆ ಸರ್. ಒಳಗೆ ಮೆದುಳು ಅಲುಗಾಡುವುದನ್ನು ಅದು ತಡೆಯುವುದಿಲ್ಲ.

ಹಳೇ_ಸೌತ್‌ಪಾ: ಹಾಗಾದರೆ ಹೆಣ್ಣುಮಕ್ಕಳಿಗೆ ಇನ್ನೂ ಯಾಕೆ ಹಾಕಿಸುತ್ತಾರೆ?

ಬ್ಲೂ_ಕಾರ್ನರ್_ಅಕ್ಕ: ಹಾಕಿಸುತ್ತಾರೆ, ನಾನೂ ಹಾಕಿಕೊಂಡೇ ಆಡಿದ್ದೇನೆ, ಹಾಕಿಕೊಂಡೇ ಕಣ್ಣು ಕತ್ತಲೆ ಬಂದಿದೆ. ಸೀನಿಯರ್ ಗಂಡಸರ ಬೌಟ್‌ಗಳಲ್ಲಿ 2013ರಿಂದ ಅದನ್ನು ತೆಗೆದೇ ಬಿಟ್ಟರು. ಚರ್ಚೆ ಅದಲ್ಲ. ಮೂರನೇ_ರೌಂಡ್, ನನ್ನ ಪ್ರಶ್ನೆಗೆ ಉತ್ತರ ಕೊಡಪ್ಪ.

ಗರಡಿ_ದಾವಣಗೆರೆ: ಕಲ್ಪನೆ ಅಂತೀರಾ? "ಅದು ಕುಸ್ತಿಗೆ" ಅಂತ ಮೂಗು ಮುರಿದಿದ್ದು ಯಾರು? ಮೇಲೆ ಹೋಗಿ ಓದಿ.

ಟೈಮರ್_ಹಾಕಿ: ಕುಸ್ತಿ ಅನ್ನುವುದು ಬೈಗುಳ ಅಲ್ಲ ಅಣ್ಣ. ಕುಸ್ತಿ ಕುಸ್ತಿನೇ, ಬಾಕ್ಸಿಂಗ್ ಬಾಕ್ಸಿಂಗೇ. ಇಷ್ಟೇ ನಾನು ಹೇಳುತ್ತಿರುವುದು, ಹತ್ತು ಸಲ ಹೇಳಿದ್ದೇನೆ.

ಮೂರನೇ_ರೌಂಡ್: ಕ್ಷಮಿಸಿ, ಕೆಲಸದಲ್ಲಿದ್ದೆ. ಅಕ್ಕ, ಬೌಟ್ ಆಗಿ 16 ದಿನ. ಕಳೆದ ಶನಿವಾರ ಸ್ಪಾರ್ ಮಾಡಿದೆ, 4 ರೌಂಡ್. ಆಮೇಲೆ ಎರಡು ದಿನ ತಲೆನೋವಿತ್ತು, ಬೆಳಕು ನೋಡೋಕೆ ಕಷ್ಟ ಆಗುತ್ತಿತ್ತು. ನಿದ್ದೆಗೆಟ್ಟಿದ್ದರಿಂದ ಅಂದುಕೊಂಡೆ.

ಬ್ಲೂ_ಕಾರ್ನರ್_ಅಕ್ಕ: ಈ ಶನಿವಾರ ರಿಂಗ್ ಹತ್ತಿರ ಹೋಗಬೇಡ. ನಾಳೆನೇ ಡಾಕ್ಟರಿಗೆ ತೋರಿಸು. ಎರಡು ಕೌಂಟ್ ತಿಂದಿದ್ದು, ಆಮೇಲೆ ಸ್ಪಾರ್ ಮಾಡಿದ್ದು, ತಲೆನೋವು, ಬೆಳಕಿನ ತೊಂದರೆ, ಎಲ್ಲ ಬಿಡಿಸಿ ಹೇಳು. ವಾಂತಿ ಬಂದರೆ, ತಲೆನೋವು ಏರುತ್ತಾ ಹೋದರೆ ನಾಳೆವರೆಗೂ ಕಾಯಬೇಡ, ರಾತ್ರಿಯೇ ಆಸ್ಪತ್ರೆಗೆ ಹೋಗು.

ಹಳೇ_ಸೌತ್‌ಪಾ: ತೋರಿಸುವುದು ಒಳ್ಳೆಯದೇ. ಆದರೆ ನಮ್ಮ ಕಾಲದಲ್ಲಿ ಇಷ್ಟಕ್ಕೆಲ್ಲ ನಿಲ್ಲುತ್ತಿರಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ಗರಡಿ_ದಾವಣಗೆರೆ: ಸ್ಪಾರಿಂಗ್ ಇಲ್ಲ ಅಂದರೆ ಆ 30 ದಿನ ಖಾಲಿನೇ ಅಲ್ವಾ. ದಂಡ ಬಸ್ಕಿ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ.

ಟೈಮರ್_ಹಾಕಿ: ಶುರು ಮಾಡುವುದಾದರೆ 800 ಮೀಟರ್ ಶುರು ಮಾಡಲಿ.

ಮೂರನೇ_ರೌಂಡ್: ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗುತ್ತೇನೆ ಅಕ್ಕ. ಓಟ ಮಾತ್ರ ಮಾಡಬಹುದಾ?

ಬ್ಲೂ_ಕಾರ್ನರ್_ಅಕ್ಕ: ಓಟಾನೂ ಬೇಡ, ಬಸ್ಕಿನೂ ಬೇಡ. ಮೊದಲು ತೋರಿಸಿಕೊಂಡು ಬಂದು ಇಲ್ಲಿ ಬರಿ.