ಹಳೆಯ ಡೀಸೆಲ್ ಪಿಕಪ್‌ಗೆ ಯಾವ ಇಂಜಿನ್ ಆಯಿಲ್: 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50?

ಪ್ರಶ್ನೆ (ಹೊಳಲ್ಕೆರೆ ತಾಲ್ಲೂಕಿನ ರೈತರು):
ನಮಸ್ಕಾರ ಸರ್. ನಮ್ಮಲ್ಲಿ 2009ರ ಡೀಸೆಲ್ ಪಿಕಪ್ ಇದ್ದು, 2,80,000 ಕಿ.ಮೀ. ಓಡಿದೆ. ಅಡಿಕೆಯನ್ನು ಭೀಮಸಮುದ್ರಕ್ಕೂ ಮೆಕ್ಕೆಜೋಳವನ್ನು ದಾವಣಗೆರೆಯ ಎಪಿಎಂಸಿಗೂ ಅದರಲ್ಲೇ ಸಾಗಿಸುತ್ತೇವೆ. ಕೈಪಿಡಿಯಲ್ಲಿ 15ಡಬ್ಲ್ಯೂ-40 ಎಂದಿದೆ. ಈಗ ಸಾವಿರ ಕಿ.ಮೀ.ಗೆ ಸುಮಾರು ಅರ್ಧ ಲೀಟರ್ ಆಯಿಲ್ ಕಡಿಮೆಯಾಗುತ್ತಿದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ತುಸು ನೀಲಿ ಹೊಗೆ ಬರುತ್ತದೆ. ನಮ್ಮೂರಿನ ಮೆಕ್ಯಾನಿಕ್ 20ಡಬ್ಲ್ಯೂ-50 ಹಾಕಿಸಿ ಎನ್ನುತ್ತಾರೆ. ಅಂಗಡಿಯವರು 5ಡಬ್ಲ್ಯೂ-30 ಸಿಂಥೆಟಿಕ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆ ಎನ್ನುತ್ತಾರೆ. ಯಾವುದು ಸರಿ?

ಉತ್ತರ (ಡೀಸೆಲ್ ಇಂಜಿನ್ ಮೆಕ್ಯಾನಿಕ್, ದಾವಣಗೆರೆ):
ನಮಸ್ಕಾರ. ಸದ್ಯಕ್ಕೆ ಕೈಪಿಡಿಯಲ್ಲಿರುವ 15ಡಬ್ಲ್ಯೂ-40 ಆಯಿಲನ್ನೇ ಮುಂದುವರಿಸಿ ಎಂಬುದು ನನ್ನ ಸ್ಪಷ್ಟ ಸಲಹೆ.

ಡಬ್ಲ್ಯೂ ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ನಂತರದ ಅಂಕಿ ಇಂಜಿನ್ ಕಾದಾಗ ಅದು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನೂ ಸೂಚಿಸುತ್ತವೆ. ಎಸ್‌ಎಇ (ವಾಹನ ಇಂಜಿನಿಯರ್‌ಗಳ ಸಂಸ್ಥೆ) ಮಾನದಂಡದಂತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರ ಆಯಿಲ್‌ನ ಸ್ನಿಗ್ಧತೆ (ಗಟ್ಟಿತನದ ಅಳತೆ) 12.5ರಿಂದ 16.3 ಸೆಂಟಿಸ್ಟೋಕ್ಸ್‌ನೊಳಗೆ ಇರಬೇಕು, 50ರದ್ದು 16.3ರಿಂದ 21.9ರೊಳಗೆ. 5ಡಬ್ಲ್ಯೂ ಆಯಿಲ್ ಹೆಪ್ಪುಗಟ್ಟುವ ಚಳಿಯ ಪ್ರದೇಶಗಳಿಗೆ ಬೇಕಾದದ್ದು. ನಮ್ಮ ಭಾಗದ ಚಳಿಗಾಲಕ್ಕೆ ಅದರ ಅಗತ್ಯವಿಲ್ಲ. ಅದಕ್ಕಿಂತ ಮುಖ್ಯವಾಗಿ, 30ರ ತೆಳು ಆಯಿಲ್, ಬೇರಿಂಗ್‌ಗಳ ಸಂದು ಈಗಾಗಲೇ ಹೆಚ್ಚಿರುವ ನಿಮ್ಮ ಇಂಜಿನ್‌ನಲ್ಲಿ ಲೋಡ್ ಏರಿದಾಗ ಸಾಕಷ್ಟು ಒತ್ತಡವನ್ನು ಉಳಿಸಿಕೊಳ್ಳಲಾರದು.

ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಥವಿದೆ, ಆದರೆ ಅದು ಮೊದಲ ಹೆಜ್ಜೆಯಲ್ಲ. ಗಟ್ಟಿ ಆಯಿಲ್ ಸವೆದ ಪಿಸ್ಟನ್ ರಿಂಗನ್ನು ಸರಿಪಡಿಸುವುದಿಲ್ಲ. ಸೋರಿಕೆಯನ್ನು ಸ್ವಲ್ಪ ನಿಧಾನಗೊಳಿಸುತ್ತದೆ, ಅಷ್ಟೇ. ಬೆಳಿಗ್ಗೆ ಮಾತ್ರ ನೀಲಿ ಹೊಗೆ ಬಂದು ನಂತರ ನಿಲ್ಲುತ್ತಿದ್ದರೆ, ರಾತ್ರಿಯಿಡೀ ವಾಲ್ವ್ ಸೀಲ್‌ಗಳ ಮೂಲಕ ಇಳಿದ ಆಯಿಲ್ ಉರಿಯುತ್ತಿರುವ ಸಾಧ್ಯತೆ ಹೆಚ್ಚು, ಮತ್ತು ಆ ಸೀಲ್‌ಗಳನ್ನು ಬದಲಿಸುವುದು, ಸಿಲಿಂಡರ್ ಕೊರೆಸುವ ಬೋರಿಂಗ್‌ಗೆ ಹೋಲಿಸಿದರೆ ಸಣ್ಣ ಕೆಲಸ. ಲೋಡ್ ಹಾಕಿ ಏರು ಹತ್ತುವಾಗಲೂ ನೀಲಿ ಹೊಗೆ ಬಂದರೆ ರಿಂಗ್ ಮತ್ತು ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಬಗ್ಗೆ ಯೋಚಿಸಬೇಕಾಗುತ್ತದೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಆಯಿಲ್ ಕಡ್ಡಿಯ ಮೇಲಿನ ಗುರುತಿನವರೆಗೆ ತುಂಬಿಸಿ, ಸಾವಿರ ಕಿ.ಮೀ. ಓಡಿಸಿ, ಮತ್ತೆ ಅದೇ ಜಾಗದಲ್ಲಿ ಅಳೆಯಿರಿ. ಈ ವಯಸ್ಸಿನ ಇಂಜಿನ್‌ಗೆ ಅರ್ಧ ಲೀಟರ್ ಎಂದರೆ ನಾನು ಗಾಬರಿಯಾಗುವುದಿಲ್ಲ. ಒಂದು ಲೀಟರ್ ದಾಟಿದರೆ ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್‌ನೊಳಗಿನ ಒತ್ತಡದ ಅಳತೆ) ಮಾಡಿಸಿ. ಅಳೆಯುವಾಗ ಕಡ್ಡಿಯ ಆಯಿಲನ್ನು ಮೂಸಿಯೂ ನೋಡಿ. ಮಟ್ಟ ಇಳಿಯುವ ಬದಲು ಏರುತ್ತಿದ್ದು, ಡೀಸೆಲ್ ವಾಸನೆ ಬಂದರೆ, ಇಂಜೆಕ್ಟರ್ ಅಥವಾ ಪಂಪ್‌ನಿಂದ ಡೀಸೆಲ್, ಇಂಜಿನ್ ಆಯಿಲ್ ಇರುವ ಚೇಂಬರಿಗೆ ಸೇರುತ್ತಿದೆ ಎಂದರ್ಥ. ಅಂಥ ಗಾಡಿಗೆ 20ಡಬ್ಲ್ಯೂ-50 ಹಾಕಿದರೆ ರೋಗ ಮುಚ್ಚಿಹೋಗಿ ಬೇರಿಂಗ್ ಹೋಗುತ್ತದೆ.

ಡಬ್ಬದ ಹಿಂಭಾಗದಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆಯ ಗುರುತು ಓದಿ: ಸಿ ಅಕ್ಷರದಿಂದ ಶುರುವಾಗುವುದು ಡೀಸೆಲ್‌ಗೆ, ಎಸ್ ಎಂಬುದು ಪೆಟ್ರೋಲ್‌ಗೆ. ನಿಮ್ಮ ಗಾಡಿಗೆ ಸಿಐ-4 ಪ್ಲಸ್ ಸಾಕು. ಸಿಕೆ-4 ಸಿಕ್ಕರೂ ಹಾಕಬಹುದು, ಅದು ಹಿಂದಿನ ದರ್ಜೆಗಳ ಬದಲಿಗೆ ಬಳಸಲೆಂದೇ ತಯಾರಾಗಿದೆ. ಲೂಸ್ ಆಯಿಲ್ ಎಂದಿಗೂ ಬೇಡ.

ಇನ್ನೊಂದು ಮಾತು, ಇದು ಆಯಿಲ್‌ಗಿಂತ ಹೆಚ್ಚು ನನ್ನನ್ನು ಕಾಡುವ ವಿಷಯ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಧೂಳು, ಜೋಳದ ಕಣದ ಧೂಳು, ಎರಡರಲ್ಲೂ ನಿಮ್ಮ ಗಾಡಿ ಓಡುತ್ತದೆ. ಏರ್ ಫಿಲ್ಟರ್‌ನ ಪೈಪಿನಲ್ಲಿ ಒಂದು ಸಣ್ಣ ಬಿರುಕಿದ್ದರೂ ಆ ಧೂಳು ಅರದಂತೆ ರಿಂಗ್ ಮತ್ತು ಲೈನರನ್ನು ತಿನ್ನುತ್ತದೆ, ಆಮೇಲೆ ಯಾವ ಆಯಿಲ್ ಹಾಕಿದರೂ ಉಳಿಯುವುದಿಲ್ಲ. ದಯವಿಟ್ಟು ಈ ವಾರವೇ ಕ್ಲಿಪ್‌ಗಳನ್ನೂ ಪೈಪನ್ನೂ ಪರೀಕ್ಷಿಸಿ. ಸುಗ್ಗಿಯ ದಿನಗಳಲ್ಲಿ ಕೈಪಿಡಿಯ ಅವಧಿಗಿಂತ ಮೊದಲೇ ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಒಟ್ಟಿಗೆ ಬದಲಿಸಿ.

ಪ್ರಶ್ನೆ (ಚಿತ್ರದುರ್ಗದ ಸದಸ್ಯರು):
ಸರ್, ನನ್ನ ಪಿಕಪ್‌ನಲ್ಲಿ ಹೊಸ ಆಯಿಲ್ ಎರಡೇ ದಿನಕ್ಕೆ ಕಪ್ಪಾಗುತ್ತದೆ. ನಕಲಿ ಇರಬಹುದೇ?

ಉತ್ತರ:
ಡೀಸೆಲ್ ಇಂಜಿನ್‌ನಲ್ಲಿ ಅದು ಸಹಜ. ಉರಿದ ಡೀಸೆಲ್‌ನ ಮಸಿಯನ್ನು ತಳಕ್ಕೆ ಕೂರಗೊಡದೆ ತನ್ನಲ್ಲೇ ತೇಲಿಸಿಕೊಂಡಿರುವುದು ಒಳ್ಳೆಯ ಆಯಿಲ್‌ನ ಕೆಲಸ. ಬಣ್ಣ ನೋಡಿ ನಕಲಿ ಎಂದು ಹೇಳಲಾಗದು.

ಪ್ರಶ್ನೆ (ಹೊಳಲ್ಕೆರೆಯ ರೈತರು):
ಧನ್ಯವಾದಗಳು ಸರ್. 20ಡಬ್ಲ್ಯೂ-50 ಎರಡು ಲೀಟರ್ ಈಗಾಗಲೇ ಮನೆಯಲ್ಲಿದೆ. ಟಾಪಪ್‌ಗೆ ಬಳಸಬಹುದೇ?

ಉತ್ತರ:
ಡಬ್ಬದ ಮೇಲೆ ಎಸ್ ಗುರುತು ಮಾತ್ರ ಇದ್ದರೆ ಅಥವಾ ಅದು ಬೈಕಿನ ಆಯಿಲ್ ಆಗಿದ್ದರೆ ಬೇಡ. ಸಿ ಗುರುತಿದ್ದರೆ, ದಾರಿಯಲ್ಲಿ ಮಟ್ಟ ಕೆಳಗಿನ ಗುರುತಿಗೆ ಇಳಿದಾಗ ಅದನ್ನು ಸ್ವಲ್ಪ ಸೇರಿಸಿದರೆ ಹಾನಿಯಿಲ್ಲ. ಆದರೆ ಈಗ ಅಳತೆ ಮಾಡುವ ಸಾವಿರ ಕಿ.ಮೀ. ಮುಗಿಯುವವರೆಗೆ ಆ ಡಬ್ಬವನ್ನು ತೆರೆಯಬೇಡಿ, ಎರಡೂ ಬೆರೆತರೆ ಲೆಕ್ಕ ಕೆಡುತ್ತದೆ. ಅಳತೆ ಎಷ್ಟು ಬಂತೆಂದು ಇಲ್ಲಿಯೇ ಬರೆಯಿರಿ. ವಾಲ್ವ್ ಸೀಲ್ ಕೆಲಸ ಬೇಕೇ ಎಂಬುದನ್ನು ಅದನ್ನು ನೋಡಿ ತಿಳಿಸುತ್ತೇನೆ.