ಮಗಳು ಜರ್ಮನಿಗೆ, ನಾವು ಕೊಡಗಿಗೆ ಹೋಗಬಹುದಾ?

ಸಮಸ್ಯೆ: ಒಂಬತ್ತನೇ ತರಗತಿಯ ನಮ್ಮ ಒಬ್ಬಳೇ ಮಗಳು ಮೇ ತಿಂಗಳಲ್ಲಿ ಶಾಲೆಯವರ ಜೊತೆ ಜರ್ಮನಿಗೆ ಹೊರಟಿದ್ದಾಳೆ. ಮೂರು ವಾರ ಅಲ್ಲಿನ ಒಂದು ಮನೆಯಲ್ಲಿದ್ದು, ಆ ಮನೆಯ ಹುಡುಗಿಯ ಜೊತೆ ಶಾಲೆಗೆ ಹೋಗಿ ಭಾಷೆ ಕಲಿಯುತ್ತಾಳೆ. ‘ಇಂಥ ಬಿಡುವು ಮತ್ತೆ ಸಿಗಲ್ಲ, ಕೊಡಗಿಗೆ ಹೋಗಿ ಬರೋಣ’ ಅಂತ ಯಜಮಾನರು. ‘ಮಗು ಪರದೇಶದಲ್ಲಿರುವಾಗ ನಿಮಗೆಂಥ ತಿರುಗಾಟ’ ಅಂತ ಅತ್ತೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಖುಷಿ. ಅದಕ್ಕೇ ನನ್ನ ಮೇಲೆ ನನಗೇ ಬೇಸರ. ಏನು ಮಾಡಲಿ?
— ಓದುಗಿ, ಬೆಂಗಳೂರು

ಓದುಗರ ಸ್ಪಂದನ

ಆಂಟಿ, ದಯವಿಟ್ಟು ಹೋಗಿ ಬನ್ನಿ. ಶಾಲೆಯಲ್ಲಿದ್ದಾಗ ನಾನೂ ಹೀಗೇ ಜರ್ಮನಿಗೆ ಹೋಗಿದ್ದೆ. ಅಮ್ಮ ದಿನಾ ಊಟ ಮುಗಿಸಿ ರಾತ್ರಿ ಒಂಬತ್ತೂವರೆಗೆ ವಿಡಿಯೊ ಕಾಲ್ ಮಾಡುತ್ತಿದ್ದರು. ಮೇನಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಂದರೆ ಅಲ್ಲಿ ಸಂಜೆ ಆರು. ಆ ಮನೆಯವರೆಲ್ಲ ಬ್ರೆಡ್ಡು, ಚೀಸು, ಸೌತೆಕಾಯಿ ಹೋಳು ಇಟ್ಟುಕೊಂಡು ರಾತ್ರಿಯೂಟಕ್ಕೆ ಕೂರುವ ಹೊತ್ತು. ಎಲ್ಲರೂ ಒಟ್ಟಿಗೆ ಕೂತು ಮಾತಾಡುತ್ತಿದ್ದುದೂ ಆಗಲೇ. ನಾನು ಫೋನ್ ಹಿಡಿದು ಮಹಡಿಗೆ ಓಡುತ್ತಿದ್ದೆ. ‘ಏನು ತಿಂದೆ’ ಅಂತ ಅಮ್ಮ. ತಿನ್ನೋಕೆ ಬಿಟ್ಟರೆ ತಾನೇ! ಒಂದು ದಿನ ಕಾಲ್ ಬರಲಿಲ್ಲ. ಅಪ್ಪ ಅಮ್ಮ ಸಿನಿಮಾಕ್ಕೆ ಹೋಗಿದ್ದರಂತೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು ನಿಜ. ಆದರೆ ಮನೆಯಲ್ಲಿ ಎಲ್ಲರೂ ಆರಾಮಾಗಿದ್ದಾರೆ ಅಂತ ನಿರಾಳವೂ ಆಯಿತು. ಆ ರಾತ್ರಿ ಆ ಮನೆಯ ಅಜ್ಜನ ಜೊತೆ ಪೂರ್ತಿ ಜರ್ಮನ್‌ನಲ್ಲೇ ಜಗಳ ಆಡಿದೆ, ಫುಟ್‌ಬಾಲ್ ದೊಡ್ಡದಾ ಕ್ರಿಕೆಟ್ ದೊಡ್ಡದಾ ಅಂತ. ವ್ಯಾಕರಣ ಎಲ್ಲ ತಪ್ಪು, ಆದರೂ ಅಜ್ಜನಿಗೆ ಸಿಟ್ಟು ಬಂತು!
— ಪದವಿ ವಿದ್ಯಾರ್ಥಿನಿ, ತುಮಕೂರು

ಮೇಲಿನ ಪತ್ರದ ಹುಡುಗಿ ಹೇಳಿದ್ದು ಸರಿ ಅಂತ ಜರ್ಮನ್ ಪಾಠ ಮಾಡುವ ನಾನೂ ಹೇಳುತ್ತೇನೆ. ಅಲ್ಲಿ ಶಾಲೆ ಬೆಳಿಗ್ಗೆ ಎಂಟರ ಸುಮಾರಿಗೇ ಶುರು. ಎಷ್ಟೋ ಕಡೆ ಮಧ್ಯಾಹ್ನ ಒಂದೂವರೆಗೆಲ್ಲ ಮುಗಿಯುತ್ತದೆ. ಹಾಗಾಗಿ ನಮ್ಮ ರಾತ್ರಿ ಎಂಟು, ಅವರ ನಾಲ್ಕೂವರೆ, ಒಳ್ಳೆಯ ಸಮಯ. ಅದೂ ದಿನಾ ಬೇಡ. ಭಾನುವಾರ ಧಾರಾಳವಾಗಿ ಮಾತಾಡಿ. ಅವತ್ತು ಅಲ್ಲಿ ಅಂಗಡಿಗಳೆಲ್ಲ ಬಹುಪಾಲು ಮುಚ್ಚಿರುತ್ತವೆ, ಮಕ್ಕಳಿಗೂ ಬಿಡುವು. ಇನ್ನೊಂದು ಮಾತು. ಮಗು ‘ಟವೆಲ್ ಎಲ್ಲಿ ಒಣಹಾಕಲಿ ಅಂತ ಕೇಳೋಕೆ ಸಂಕೋಚ’ ಅಂತ ನಿಮಗೆ ಮೆಸೇಜ್ ಮಾಡಿದರೆ, ನೀವು ಆ ಮನೆಯವರಿಗೆ ಇಂಗ್ಲಿಷ್‌ನಲ್ಲಿ ಬರೆಯಲು ಹೋಗಬೇಡಿ. ಅವಳೇ ಕೇಳಲಿ. ಭಾಷೆ ಬರುವುದೇ ಹಾಗೆ.
— ಭಾಷಾ ಶಿಕ್ಷಕಿ, ಬೆಂಗಳೂರು

ನನ್ನದು ಬೇರೆ ಅಭಿಪ್ರಾಯ. ಮೊದಲ ವಾರ ಎಲ್ಲೂ ಹೋಗಬೇಡಿ. ಹಾಸಿಗೆ ಹೊಸದು, ಊಟ ಹೊಸದು, ರಾತ್ರಿ ಒಂಬತ್ತಾದರೂ ಬೆಳಕು. ಮಕ್ಕಳು ಕಂಗಾಲಾಗುವುದು ಆಗಲೇ. ಆ ಹೊತ್ತಿಗೆ ನೀವು ಸಿಗ್ನಲ್ ಇಲ್ಲದ ಕಾಫಿ ತೋಟದಲ್ಲಿ ಕೂತಿದ್ದರೆ ಹೇಗೆ? ಎರಡನೇ ವಾರ ಹೋಗಿ. ಹೋಮ್‌ಸ್ಟೇಯವರನ್ನು ‘ನಿಮ್ಮಲ್ಲಿ ಯಾವ ಸಿಮ್ ಸಿಗುತ್ತೆ’ ಅಂತ ಮೊದಲೇ ಕೇಳಿ. ಸೋಮವಾರದಿಂದ ಗುರುವಾರದೊಳಗೆ ಹೋದರೆ ಗದ್ದಲವೂ ಕಡಿಮೆ. ಜೊತೆಗೆ ಹೋಗುವ ಟೀಚರ್ ನಂಬರ್ ಇಬ್ಬರ ಫೋನಲ್ಲೂ ಇರಲಿ. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಆದ್ದರಿಂದ ಪಾಲಿಸಿ ಹೇಗೂ ಮಾಡಿಸಿರುತ್ತೀರಿ. ಅದನ್ನು ಬೀರುವಿನಲ್ಲಿ ಇಟ್ಟು ಹೋಗಬೇಡಿ, ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ತುರ್ತಿಗೆ ಅಲ್ಲೂ 112, ಇಲ್ಲೂ 112. ಮಗಳಿಗೆ ಹೇಳಿಕೊಡಿ.
— ಇಬ್ಬರು ಮಕ್ಕಳ ತಂದೆ, ಹುಬ್ಬಳ್ಳಿ

ಖುಷಿಯಾಗುತ್ತಿದೆ ಅಂತ ಬೇಸರ ಯಾಕ್ರೀ? ಬೇಸಿಗೆ ರಜೆ ಅಂದರೆ ದಿನವಿಡೀ ‘ಅಮ್ಮಾ ಬೋರು, ಅಮ್ಮಾ ಹಸಿವು’. ಅದು ಮೂರು ವಾರ ಇಲ್ಲ ಅಂದರೆ ಯಾರಿಗೆ ಖುಷಿಯಾಗಲ್ಲ? ನಮ್ಮ ಮಗ ಹೋದಾಗ ನಾವಿಬ್ಬರೂ ಎಲ್ಲೂ ಹೋಗಲಿಲ್ಲ, ಮನೆಯಲ್ಲೇ ಇದ್ದೆವು. ಮೊದಮೊದಲು ಅಭ್ಯಾಸಬಲದಿಂದ ಮೂವರಿಗೂ ಅಕ್ಕಿ ಹಾಕಿ, ಮರುದಿನ ಬೆಳಿಗ್ಗೆ ಚಿತ್ರಾನ್ನ. ಆಮೇಲೆ ಅಳತೆ ಸಿಕ್ಕಿತು. ಅವನು ಮುಟ್ಟದ ಹಾಗಲಕಾಯಿ ಗೊಜ್ಜನ್ನು ಮನಸಾರೆ ಮಾಡಿಕೊಂಡು ತಿಂದೆವು. ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ. ಇವರು ತಮ್ಮ ಆಫೀಸಿನ ಕಥೆ ಹೇಳುತ್ತಿದ್ದರು. ಅರ್ಧಕ್ಕರ್ಧ ನನಗೆ ಹೊಸದು! ಮಗ ‘ಇಬ್ಬರೂ ಹೇಗಿದ್ದೀರಿ, ಜಗಳ ಇಲ್ಲ ತಾನೇ’ ಅಂತ ಕೇಳುತ್ತಿದ್ದ.

ಸಾಮಾನಿನ ವಿಷಯ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಡಿ. ತುಪ್ಪ, ಪೇಡ ಬೇಡ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಆ ಮನೆಯವರಿಗೆ ಚನ್ನಪಟ್ಟಣದ ಗೊಂಬೆ ಕೊಡಬಹುದು, ಹಗುರ, ಒಡೆಯಲ್ಲ.
— ಗೃಹಿಣಿ, ಮೈಸೂರು

ಎಲ್ಲರೂ ಮಗಳ ಬಗ್ಗೆ, ಗಂಡ ಹೆಂಡತಿಯ ಬಗ್ಗೆ ಬರೆಯುತ್ತಾರೆ ಅಂತ ಗೊತ್ತು. ನಾನು ನಿಮ್ಮ ಅತ್ತೆಯ ವಯಸ್ಸಿನವಳು, ಅವರ ಪರವಾಗಿ ಬರೆಯುತ್ತೇನೆ ಮಗಳೇ. ಮೊಮ್ಮಗಳು ವಿಮಾನ ಹತ್ತಿದಳು, ಮಗ ಸೊಸೆ ಕಾರು ಹತ್ತಿದರು. ಮನೆಯಲ್ಲಿ ಉಳಿಯುವವರು ಯಾರು? ‘ನೀವು ಏನು ಮಾಡುತ್ತೀರಿ’ ಅಂತ ಅವರನ್ನು ಯಾರಾದರೂ ಕೇಳಿದಿರಾ? ಅವರ ತಂಗಿಯೋ, ಅಣ್ಣನೋ ಇದ್ದರೆ ಅಲ್ಲಿಗೆ ಬಿಟ್ಟು ಬನ್ನಿ. ಅವರಿಗೂ ತವರಿನ ಕಡೆ ಹೋಗಿ ಎಷ್ಟು ಕಾಲವಾಯಿತೋ. ವಿಡಿಯೊ ಕಾಲ್ ಬಂದಾಗ ಫೋನ್ ಮೊದಲು ಅವರ ಕೈಗೆ ಕೊಡಿ. ಆಮೇಲೆ ಕೊಡಗಿಗೆ ಅವರೇ ಕೋಡುಬಳೆ ಕರಿದು ಕೊಡುತ್ತಾರೆ, ನೋಡುತ್ತಿರಿ.
— ಅಜ್ಜಿ, ಶಿವಮೊಗ್ಗ

ನಮ್ಮ ಮಗನ ತರಗತಿಯವರೂ ಹೋದ ವರ್ಷ ಜರ್ಮನಿಗೆ ಹೋದರು. ಅವನು ಹೋಗಲಿಲ್ಲ. ವಿಮಾನ, ವೀಸಾ, ವಿಮೆ ಅಂತ ಲೆಕ್ಕ ಹಾಕಿದಾಗಲೇ ಸುಮ್ಮನಾದೆವು. ಮುಖ ಊದಿಸಿಕೊಂಡು ಕೂತವನನ್ನು ರಜೆಗೆ ಪುತ್ತೂರಿನ ಅಜ್ಜಿ ಮನೆಗೆ ಕಳಿಸಿದೆವು. ಮನೆ ಖಾಲಿ ಅನ್ನುವ ಸುಖ ನಮಗೂ ಸಿಕ್ಕಿತು, ಬಸ್ ಚಾರ್ಜಿನಲ್ಲಿ. ಅವನ ಜರ್ಮನ್ ಇದ್ದಲ್ಲೇ ಇದೆ. ತುಳು ಮಾತ್ರ ಚೆನ್ನಾಗಿ ಬಂದಿದೆ, ಬೈಗುಳ ಸಮೇತ.
— ಇನ್ನೊಬ್ಬ ಓದುಗ, ಬೆಂಗಳೂರು