ಕನಿಷ್ಠ ವೇತನ: ಸಂಶೋಧನೆಯ ಪಾತ್ರವೆಷ್ಟು?

ಪ್ರಶ್ನೆ: ಕನಿಷ್ಠ ವೇತನ ನಿಗದಿಪಡಿಸಿದರೆ ಉದ್ಯೋಗ ಕುಗ್ಗುತ್ತದೆ ಎಂದು ಪಠ್ಯದಲ್ಲಿ ಓದಿದ್ದೆವು. ಆದರೂ ಬ್ರಿಟನ್ 1999ರಲ್ಲಿ ಅದನ್ನು ಜಾರಿಗೆ ತಂದದ್ದು ಸಂಶೋಧನೆಯ ಆಧಾರದ ಮೇಲೆಯೋ, ಬರೀ ರಾಜಕೀಯ ಲೆಕ್ಕಾಚಾರದಿಂದಲೋ? ಬಲ್ಲವರು ತಿಳಿಸಬೇಕು.

ಉತ್ತರ 1: ಎರಡೂ ಇದ್ದವು. ಭರವಸೆ ಲೇಬರ್ ಪಕ್ಷದ್ದು. ಮೊತ್ತ ಎಷ್ಟಿರಬೇಕೆಂದು ಅಧ್ಯಯನ ಮಾಡಿ ಶಿಫಾರಸು ಮಾಡುವ ಹೊಣೆಯನ್ನು ಮಾಲೀಕರ ಕಡೆಯವರು, ಕಾರ್ಮಿಕ ಸಂಘಗಳ ಕಡೆಯವರು ಮತ್ತು ಸ್ವತಂತ್ರ ತಜ್ಞರು ಸೇರಿದ ಲೋ ಪೇ ಕಮಿಷನ್‌ಗೆ ವಹಿಸಲಾಯಿತು. ವಯಸ್ಕರಿಗೆ ಅದು ಸೂಚಿಸಿದ ಗಂಟೆಗೆ 3.60 ಪೌಂಡನ್ನು ಸರ್ಕಾರ ಒಪ್ಪಿತು. ಯುವಕರಿಗೆ ಸೂಚಿಸಿದ 3.20 ಪೌಂಡನ್ನು ಮಾತ್ರ 3 ಪೌಂಡಿಗೆ ಇಳಿಸಿತು! ಸಲಹೆ ತಜ್ಞರದು, ತೀರ್ಮಾನ ಮಂತ್ರಿಗಳದು.

ಉತ್ತರ 2: ಇದಕ್ಕೂ ಮೊದಲು, 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ, ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಅಲ್ಲಿನ ಹಾಗೂ ವೇತನ ಏರದ ನೆರೆಯ ಪೂರ್ವ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಮಳಿಗೆಗಳನ್ನು ಹೋಲಿಸಿ, ಉದ್ಯೋಗ ಕುಗ್ಗಿದ ಲಕ್ಷಣವಿಲ್ಲವೆಂದು ತೋರಿಸಿದ್ದರು. ಪಠ್ಯದ ಮಾತನ್ನು ಅಲುಗಾಡಿಸಿದ್ದು ಅದೇ.

ಉತ್ತರ 3: ಅದಕ್ಕೆ ಆಕ್ಷೇಪವೂ ಬಂದಿತ್ತೆಂಬುದನ್ನು ಮರೆಯಬಾರದು. ನ್ಯೂಮಾರ್ಕ್ ಮತ್ತು ವಾಶರ್ ಎಂಬ ಅರ್ಥಶಾಸ್ತ್ರಜ್ಞರು ಮಳಿಗೆಗಳ ವೇತನಪಟ್ಟಿ ಪರಿಶೀಲಿಸಿ, ಉದ್ಯೋಗ ಇಳಿದಿದೆ ಎಂದರು. ಆದ್ದರಿಂದ ಒಂದೇ ಪ್ರಬಂಧವನ್ನು ನೆಚ್ಚಿ ದರ ನಿಗದಿಪಡಿಸುವುದಕ್ಕಿಂತ, ಪ್ರತಿ ಏರಿಕೆಯ ನಂತರ ಪರಿಣಾಮವನ್ನು ಅಳೆದು ಮುಂದುವರಿಯುವ ಬ್ರಿಟನ್ನಿನ ಕ್ರಮವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.